ಉಸಿರಿನ ಕಲ್ಲು

ಶೇವಂತಿಬಾಯಿ ನಾವಲಗಿಯವರು ಹೇಗೆ ಹಾಡುತ್ತಿದ್ದರು ಎಂದು ನನ್ನನ್ನು ಕೇಳಬೇಡಿ. ಮೂರು ವರ್ಷ ಅವರ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದೇನೆ, ಎಲ್ಲರಿಗಿಂತ ಕೊನೆಗೆ ಎದ್ದಿದ್ದೇನೆ. ಹಾಡು ಒಂದು ಸಲವೂ ಕೇಳಿಸಲಿಲ್ಲ. ನನ್ನದು ಉಸಿರಿನ ಕಲ್ಲು.

ಈ ಊರಿನಲ್ಲಿ ಕಚೇರಿ ನಡೆಯುವುದು ಗೋದಾಮಿನಲ್ಲಿ. ಹಿಂದೆ ಹತ್ತಿಯ ಅಂಡಿಗೆ ಒಟ್ಟುತ್ತಿದ್ದ ಉದ್ದನೆಯ ಕಟ್ಟಡ. ತಗಡಿನ ಮಾಡು, ಎತ್ತರದಲ್ಲಿ ಸಣ್ಣ ಕಿಟಕಿಗಳು, ಒಂದು ತುದಿಗೆ ಹಲಗೆಯ ವೇದಿಕೆ. ನೆಲಕ್ಕೆ ಹಾಸಿದ ಕಲ್ಲುಗಳು ಇನ್ನೂರ ಹನ್ನೆರಡು. ಒಂದು ಕಲ್ಲಿಗೆ ಒಬ್ಬರು. ಆ ಕಲ್ಲಿಗೆ ಏನು ಬರುತ್ತದೋ ಅದಷ್ಟೇ ಕೂತವರಿಗೆ ಕೇಳುತ್ತದೆ, ಉಳಿದದ್ದು ಕೇಳುವುದಿಲ್ಲ. ಬಣಗಾರರ ಕಲ್ಲಿಗೆ ತಬಲಾದ ಎಡಗೈಯ ಡಗ್ಗಾ ಮಾತ್ರ ಬರುತ್ತದೆ. ಅಜ್ಜನಿಂದ ಮೊಮ್ಮಗನವರೆಗೆ ಆ ಮನೆಯವರೆಲ್ಲ ಎಡಗಾಲನ್ನು ತುಸು ಒತ್ತಿ ನಡೆಯುತ್ತಾರೆ. ಕೆಳಗಿನ ಸ್ವರಗಳು ಬರುವ ಕಲ್ಲು ಪತ್ತಾರರದು. ಮೇಲಿನ ಷಡ್ಜ ಬರುವ ಕಲ್ಲು ನೀಲಗಾರರ ಮನೆಯ ಹೆಣ್ಣುಮಕ್ಕಳಿಗೆ ಬಳುವಳಿಯಾಗಿ ಹೋಗುತ್ತದೆ. ಅದಕ್ಕಾಗಿಯೇ ಮಗನಿಗಿಂತ ಎರಡು ವರ್ಷ ದೊಡ್ಡ ಹುಡುಗಿಯನ್ನು ಸೊಸೆ ಮಾಡಿಕೊಂಡವರಿದ್ದಾರೆ. ಕಿಟಕಿಯ ಕೆಳಗಿನ ಕಲ್ಲಿಗೆ ರಾಗವಿಲ್ಲದೆ ಬರೀ ಪದಗಳು ಬರುತ್ತವೆ, ಅಲ್ಲಿ ಒಬ್ಬ ಮಾಸ್ತರರು ಕೂರುತ್ತಾರೆ. ಮುನಸಿಪಾಲಿಟಿ ಅಧ್ಯಕ್ಷರಿಗೆಂದು ಮುಂದಿನ ಸಾಲಿನ ನಟ್ಟನಡುವೆ ಒಂದು ಕಲ್ಲು ಇದೆ. ಅದಕ್ಕೆ ಬರುವುದು ಚಪ್ಪಾಳೆ ಮಾತ್ರ. ಯಾವ ಪಕ್ಷದ ಅಧ್ಯಕ್ಷರೂ ಈವರೆಗೆ ದೂರು ಕೊಟ್ಟಿಲ್ಲ.

ನಾನು ಈ ಊರಿನವನಲ್ಲ. ಅಪ್ಪ ಕಮ್ಮಾರ, ನಮ್ಮದು ಎಂಟು ಹರದಾರಿ ಆಚೆಯ ಹಳ್ಳಿ. ನಾಲ್ಕು ವರ್ಷದ ಡಿಗ್ರಿಗೆಂದು ಬಂದು ಸರಕಾರಿ ಹಾಸ್ಟೆಲಿನಲ್ಲಿ ಉಳಿದೆ. ಹಾಸ್ಟೆಲಿಗೆ ಗೋದಾಮಿನಲ್ಲಿ ಎರಡು ಕಲ್ಲುಗಳಿವೆ. ಊರಿನ ಯಾವ ಮನೆತನಕ್ಕೂ ಬೇಡವಾಗಿ ಉಳಿದವು, ಹಿಂದಿನ ಗೋಡೆಯ ಪಕ್ಕ, ಮೂತ್ರಿಖಾನೆಯ ಕಡೆಗೆ. ಒಂದಕ್ಕೆ ತಬಲಾ ಶ್ರುತಿ ಮಾಡುವ ಸುತ್ತಿಗೆಯ ಏಟು, ವೇದಿಕೆಯ ಹಲಗೆ ಕಿರುಗುಟ್ಟುವುದು ಬರುತ್ತದೆ. ಇನ್ನೊಂದಕ್ಕೆ ಕಲಾವಿದರ ಉಸಿರು. ನನ್ನ ರೂಮಿನ ಲಗಮಣ್ಣ ಮೊದಲ ದಿನವೇ ಸುತ್ತಿಗೆಯ ಕಲ್ಲನ್ನು ಹಿಡಿದ. ಉಸಿರಿನ ಕಲ್ಲಿನ ಮೇಲೆ ಕೂತರೆ ಆಸ್ಪತ್ರೆಯಲ್ಲಿ ಕೂತ ಹಾಗಾಗುತ್ತದೆ ಎಂದು ಊರಿನವರು ಅವನಿಗೆ ಹೇಳಿದ್ದರು. ನನಗೆ ಹಾಗನ್ನಿಸಲಿಲ್ಲ. ಏಳನೇ ವರ್ಷದಿಂದ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿದವನು ನಾನು. ಗಾಳಿ ಒಳಗೆ ಹೋಗುವುದು, ಹೊರಗೆ ಬರುವುದು ನನಗೆ ಹೊಸದಲ್ಲ.

ಕಚೇರಿಗಳು ಭಾನುವಾರ ಬೆಳಿಗ್ಗೆ ಏಳಕ್ಕೆ ಶುರುವಾಗಿ ಹತ್ತರ ಹೊತ್ತಿಗೆ ಮುಗಿಯುತ್ತಿದ್ದವು. ಆಮೇಲೆ ಎಲ್ಲರೂ ಅಂಗಳಕ್ಕೆ ಬರಬೇಕು. ಅಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ. ತಟ್ಟೆ ಹಿಡಿದುಕೊಂಡೇ ಕೂಡಿಸುವ ಕೆಲಸ ನಡೆಯುತ್ತದೆ. ಗೋದಾಮಿನ ಸಮಿತಿಯ ಕಾರ್ಯದರ್ಶಿ ಗುರುಶಾಂತಪ್ಪನವರು ನಡುವೆ ನಿಂತು ಒಬ್ಬೊಬ್ಬರನ್ನೇ ಕೇಳುತ್ತಾರೆ. ಆಲಾಪದಲ್ಲಿ ಕೆಳಗೆ ಏನಾಯಿತು, ಆಗ ಡಗ್ಗಾ ಎಲ್ಲಿತ್ತು, ಪದ ಯಾವುದಿತ್ತು. ಅವರವರು ತಮಗೆ ಕೇಳಿದ್ದನ್ನು ಹೇಳುತ್ತಾರೆ. ಗುರುಶಾಂತಪ್ಪನವರು ಅದನ್ನು ಒಂದಕ್ಕೊಂದು ಹೊಂದಿಸಿ ಇಡೀ ಕಚೇರಿಯನ್ನು ಮಾತಿನಲ್ಲಿ ಕಟ್ಟಿ ಕೊನೆಗೆ ಎಲ್ಲರಿಗೂ ಹೇಳುತ್ತಾರೆ. ಕಬ್ಬಿಣದ ಸಾಮಾನಿನ ಅಂಗಡಿಯ ಮನುಷ್ಯ. ಇಪ್ಪತ್ತಾರು ವರ್ಷದಿಂದ ಕಚೇರಿ ನಡೆಯುವಾಗ ಅವರು ಬಾಗಿಲ ಹೊರಗೇ ನಿಂತಿರುತ್ತಾರೆ. ಕೂಡಿಸುವವನು ಏನನ್ನೂ ಕೇಳಿರಬಾರದು. ಕೇಳಿದ್ದರೆ ತನ್ನ ಕಲ್ಲಿನ ಕಡೆಗೆ ವಾಲುತ್ತಾನೆ.

ಅಂಗಳದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆಯುವಂತಿಲ್ಲ. ನಿನ್ನ ಕಲ್ಲಿನ ಮೇಲೆ ನೀನು ಮಾತ್ರ ಕೂತಿದ್ದೆ. ಸುಳ್ಳು ಹೇಳುವುದು ಇಷ್ಟು ಸುಲಭವಾಗಿದ್ದ ಜಾಗ ನನಗೆ ಬೇರೆ ಗೊತ್ತಿಲ್ಲ. ಆದರೂ ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ತಾನು ಮನೆಗೆ ಒಯ್ಯುವ ಕಚೇರಿಯೇ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಉಸಿರಿನ ಕಲ್ಲಿನವನ ಸರದಿ ಕೊನೆಗೆ. ಆ ಹೊತ್ತಿಗೆ ಭಜಿ ಮುಗಿದು ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಆದರೆ ಅವನ ಮಾತಿಗೂ ಒಂದು ನಿಯಮ ಅಂಟಿಕೊಂಡಿತ್ತು. ಹಾಡುವವರ ಉಸಿರು ಹರಿದಿದೆ ಎಂದು ಅವನು ಹೇಳಿದರೆ ಅವರನ್ನು ಮೂರು ವರ್ಷ ಗೋದಾಮಿಗೆ ಕರೆಯುವುದಿಲ್ಲ. ಅದು ಶಿಕ್ಷೆಯಲ್ಲ. ಹೊಲವನ್ನು ಬೀಳು ಬಿಟ್ಟ ಹಾಗೆ. ಸುದ್ದಿ ಸುತ್ತಲಿನ ಊರುಗಳಿಗೂ ಹೋಗಿ ಅಲ್ಲಿನವರೂ ಅವರನ್ನು ಕರೆಯುತ್ತಿರಲಿಲ್ಲ. ಹಾಗೆ ಸುಮ್ಮನಿದ್ದು ಮತ್ತೆ ಹಾಡಿದವರು ಐದಾರು ಜನ ಇದ್ದಾರಂತೆ.

ಮೊದಲ ವರ್ಷ ಶೇವಂತಿಬಾಯಿಯವರು ಬರುವ ಹೊತ್ತಿಗೆ ನಾನು ನಾಲ್ಕು ಕಚೇರಿ ಮುಗಿಸಿದ್ದೆ. ಒಬ್ಬ ಗವಾಯಿಗೆ ಮೂಗು ಕಟ್ಟಿತ್ತು. ಒಬ್ಬ ಸಿತಾರಿನವನು ಉಸಿರು ಬಿಗಿಹಿಡಿದು ಹಿಡಿದು ಕೊನೆಗೆ ಎಮ್ಮೆಯ ಹಾಗೆ ಬಿಟ್ಟ. ಇದೇ ಉಸಿರಿನ ಕಲ್ಲು ಎಂದುಕೊಂಡಿದ್ದೆ. ಶೇವಂತಿಬಾಯಿಯವರು ಗಿಡ್ಡ ಹೆಂಗಸು, ಐವತ್ತರ ಮೇಲೆ, ದಪ್ಪ ಗಾಜಿನ ಕನ್ನಡಕ. ಕೂತು, ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಬಾಯಿ ತೆರೆದರು. ನನಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕಲ್ಲು ಕೆಟ್ಟಿದೆಯೇನೋ ಅನ್ನಿಸಿತು. ಆಮೇಲೆ ಗಾಳಿ ಒಳಗೆ ಹೋಯಿತು. ಅವಸರವಿಲ್ಲ, ಎಲ್ಲೂ ತಡವರಿಕೆಯಿಲ್ಲ, ಎಷ್ಟು ಬೇಕೋ ಅಷ್ಟು. ಹೋದ ಗಾಳಿ ಮರಳಿ ಬರುವಾಗ ಸಪ್ಪಳವೇ ಇಲ್ಲ. ಅದೆಲ್ಲ ಹಾಡಾಗಿ ಬೇರೆಯವರ ಕಲ್ಲುಗಳಿಗೆ ಹಂಚಿಹೋಗಿತ್ತು. ನನಗೆ ಉಳಿದದ್ದು ಎರಡು ಉಸಿರಿನ ನಡುವಿನ ಅಂತರ. ಆ ಅಂತರದಲ್ಲಿ ಏನಾಗುತ್ತಿರಬಹುದು ಎಂದು ಕಾಯುತ್ತಾ ಮೂರು ತಾಸು ಕೂತೆ. ಕಾಲು ಜೋಮು ಹಿಡಿದದ್ದು ಎದ್ದ ಮೇಲೆ ಗೊತ್ತಾಯಿತು.

ಆ ದಿನ ಅಂಗಳದಲ್ಲಿ ನೀಲಗಾರರ ಮಗಳು ಮೇಲಿನ ಷಡ್ಜದ ಬಗ್ಗೆ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಪತ್ತಾರರ ಮುದುಕ ಚಹಾ ಕುಡಿಯುವುದನ್ನು ಮರೆತ. ಸಾಮಾನ್ಯವಾಗಿ ಕಲಾವಿದರು ಅಂಗಳಕ್ಕೆ ಬರುವುದಿಲ್ಲ, ಕಾರು ಹತ್ತಿ ಹೋಗುತ್ತಾರೆ. ಇವರು ತಮ್ಮದೇ ಒಂದು ಸ್ಟೀಲಿನ ಲೋಟದಲ್ಲಿ ಚಹಾ ಹಿಡಿದುಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದರು. ಹೊಗಳಿಕೆಯೆಲ್ಲ ಮುಗಿಯುವವರೆಗೆ ಲೋಟ ಊದುತ್ತಾ ನಿಂತು ಆಮೇಲೆ ಕೇಳಿದರು:

"ಉಸಿರಿನ ಕಲ್ಲಿನ ಮ್ಯಾಲ ಯಾರು ಕುಂತಿದ್ರಿ?"

ಲಗಮಣ್ಣ ನನ್ನನ್ನು ಮುಂದಕ್ಕೆ ದೂಡಿದ. "ಇಂವಾರೀ. ಕಾಳಪ್ಪ. ಕಮ್ಮಾರ್ರ ಹುಡುಗ, ಹಾಸ್ಟೆಲಿನಾಂವ."

"ಹೇಳಪಾ ತಮ್ಮಾ. ಹೆಂಗಿತ್ತು?"

"ಏನೂ ಕೇಳಸಲಿಲ್ರೀ ಅಕ್ಕಾರ," ಎಂದೆ. ಸುತ್ತ ನಗು ಎದ್ದಿತು. "ಅಂದ್ರ, ತೊಗೊಳ್ಳೂದು ಕೇಳ್ತಿತ್ತು. ಬಿಡೂದು ಕೇಳಸಲಿಲ್ಲ. ನಮ್ಮ ತಿದಿ ಹೊಸಾ ಚರ್ಮ ಹಾಕಿದಾಗ ಹಿಂಗ ಇರತೈತ್ರಿ."

ಅವರು ನಗಲಿಲ್ಲ. "ತಿದಿ ಒತ್ತೀಯೇನು? ಛಲೋ ಆತು," ಎಂದರು. "ಬ್ಯಾರೆ ಊರಾಗ ಎಲ್ಲಾರೂ ಚಪ್ಪಾಳಿ ಹೊಡೀತಾರ. ಎಲ್ಲಾ ಒಮ್ಮೆಲೆ ಕೇಳತಾರ ನೋಡು, ದನಿ ಚಂದಿದ್ರ ಉಸಿರು ಮುಚ್ಚಿಹೋಕ್ಕೈತಿ. ನನಗೂ ನನ್ನ ಉಸಿರು ಕೇಳಂಗಿಲ್ಲ. ವರ್ಷಕ್ಕೊಮ್ಮೆ ಇಲ್ಲಿಗೆ ಬರೂದು ಈ ಒಂದು ಮಾತಿಗೆ."

ಆ ದಿನದಿಂದ ನಾನು ಅವರ ಅಭಿಮಾನಿ. ಬೇರೆ ಪದ ಗೊತ್ತಿಲ್ಲ. ಹಾಸ್ಟೆಲಿನ ಲೈಬ್ರರಿಯಲ್ಲಿದ್ದ ಹಳೆಯ ವಾರಪತ್ರಿಕೆಗಳ ಕಟ್ಟು ಬಿಚ್ಚಿ ಅವರ ಬಗ್ಗೆ ಬಂದ ಎರಡು ಲೇಖನ ಹುಡುಕಿದೆ. ಫೋಟೊ ಕತ್ತರಿಸಲಿಲ್ಲ, ನೋಡಬೇಕೆನಿಸಿದಾಗ ಲೈಬ್ರರಿಗೆ ಹೋಗುತ್ತಿದ್ದೆ. ರೆಕಾರ್ಡಿಂಗಿಗೆ ಅವರು ಒಪ್ಪಿದವರಲ್ಲ ಎಂದು ಅದರಲ್ಲಿ ಬರೆದಿತ್ತು. ರೇಡಿಯೊದವರು ಬಂದರೆ ಚಹಾ ಕೊಟ್ಟು ಕಳಿಸುತ್ತಿದ್ದರಂತೆ.

"ಬ್ಯಾರೆ ಊರಾಗ ಹಾಡತಾರಲ್ಲ, ಒಮ್ಮೆ ಹೋಗಿ ಪೂರ್ತಿ ಕೇಳಿ ಬಾರಲೇ," ಎಂದು ಲಗಮಣ್ಣ ಹೇಳಿದ. "ಮಾರಿ ನೋಡದ ಮದುವಿ ಆದವರಗತೆ ಮಾಡ್ತಿ."

ಹೋಗಬಹುದಿತ್ತು. ಮೂವತ್ತು ಮೈಲಿ ದೂರದ ಊರಿಗೇ ಎರಡು ಸಲ ಬಂದು ಹೋದರು. ನಾನು ಹೋಗಲಿಲ್ಲ. ಅಲ್ಲಿ ಸಾವಿರ ಜನ ಕುರ್ಚಿಯ ಮೇಲೆ ಕೂತು ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ. ಇಲ್ಲಿ ಅವರ ಉಸಿರು ನನ್ನೊಬ್ಬನಿಗೇ ಬರುತ್ತಿತ್ತು. ಅದನ್ನು ಬಿಟ್ಟು ಸಾವಿರದಲ್ಲಿ ಒಬ್ಬನಾಗಲು ಮನಸ್ಸಾಗಲಿಲ್ಲ. ಇದನ್ನು ಆಗ ನಾನು ಭಕ್ತಿ ಎಂದುಕೊಂಡಿದ್ದೆ.

ಎರಡನೇ ವರ್ಷ, ಕಚೇರಿ ಶುರುವಾಗಿ ಒಂದು ತಾಸಾದ ಮೇಲೆ, ಗಾಳಿ ತೆಗೆದುಕೊಳ್ಳುವಾಗ ಒಂದು ಕಡೆ ಸಣ್ಣಗೆ ಜಗ್ಗಿತು. ಒಮ್ಮೆ ಅಷ್ಟೆ. ಅಂಗಳದಲ್ಲಿ ಅವರು ಕೇಳಿದಾಗ ಹಾಗೆಯೇ ಹೇಳಿದೆ. ಹರಿದಿಲ್ಲ, ಜಗ್ಗಿತು ಎಂದೆ. ಅವರು ನಿಂತಲ್ಲೇ ಬಲಗೈಯನ್ನು ಪಕ್ಕೆಯ ಮೇಲಿಟ್ಟು ಉಸಿರೆಳೆದು ನೋಡಿದರು. "ಬಲಮಗ್ಗಲಿಗೇನು?" ಎಂದರು. "ಅದು ನನಗ ತಿಳಿಯೂದಿಲ್ರೀ. ಆದ್ರ ತುದಿಗೆ ಜಗ್ಗತು, ಬುಡಕ್ಕಲ್ಲ." ಅವರು ತಲೆಯಾಡಿಸಿ ಪಕ್ಕದಲ್ಲಿದ್ದ ಶಿಷ್ಯೆ ಕಸ್ತೂರಿಗೆ, "ನೆನಪಿಟ್ಕೋ," ಎಂದರು. ಮುಂದಿನ ವರ್ಷ ಬಂದಾಗ ಕೂರುವ ಭಂಗಿ ಬದಲಾಗಿತ್ತು. ಬಲಮೊಣಕಾಲನ್ನು ಎತ್ತದೆ ಮಡಚಿ ಕೂತಿದ್ದರು. ಅದು ನನ್ನ ಮಾತಿನಿಂದ ಆದದ್ದು. ಲಗಮಣ್ಣನಿಗೆ ಮೊಣಕೈಯಿಂದ ತಿವಿದು ತೋರಿಸಿದೆ. ನನ್ನ ಜೀವನದಲ್ಲಿ ಅದುವರೆಗೆ ನಾನು ಹೇಳಿದ್ದನ್ನು ಕೇಳಿ ಯಾರೂ ಏನನ್ನೂ ಬದಲಿಸಿಕೊಂಡಿರಲಿಲ್ಲ.

ಆ ಮೂರನೇ ವರ್ಷದ ಕಚೇರಿಯ ಮೊದಲ ಅರ್ಧ ತಾಸು ಸರಿಯಾಗಿತ್ತು. ಆಮೇಲೆ ಸೀಟಿ ಶುರುವಾಯಿತು. ಗಾಳಿ ಒಳಗೆ ಹೋಗುವ ಕೊನೆಯಲ್ಲಿ ಒಂದು ಎಳೆಯಷ್ಟು ತೆಳ್ಳಗಿನ ಸೀಟಿ. ತಿದಿಯ ಚರ್ಮ ಎಲ್ಲೋ ಹೊಲಿಗೆಯ ಬಳಿ ಬಿಟ್ಟುಕೊಂಡಾಗ ಹೀಗೇ ಆಗುತ್ತದೆ. ಆಗ ಅಪ್ಪ ಎಂಥ ಕೆಲಸವಿದ್ದರೂ ಕೈ ಎತ್ತಿ ನಿಲ್ಲಿಸು ಎನ್ನುತ್ತಿದ್ದ. ನಿಲ್ಲಿಸಿ ತೇಪೆ ಹಾಕಿದರೆ ಅದೇ ಚರ್ಮ ಹತ್ತು ವರ್ಷ ಬರುತ್ತದೆ. ಇನ್ನೊಂದು ನೇಗಿಲ ಕುಳ ಆಗಲಿ ಎಂದು ಒತ್ತಿದರೆ ಉದ್ದಕ್ಕೂ ಹರಿಯುತ್ತದೆ, ಆಮೇಲೆ ಎಸೆಯುವುದೇ. ಪ್ರತಿ ಸೀಟಿಗೂ ನನ್ನ ಬೆರಳು ತೊಡೆಯ ಮೇಲೆ ಒಂದು ಸಲ ಬಡಿಯುತ್ತಿತ್ತು. ಹತ್ತೊಂಬತ್ತು ಸಲ ಬಡಿಯಿತು. ಕೊನೆಯ ಐದರಲ್ಲಿ ಗಾಳಿ ಹೊರಬರುವ ಸಪ್ಪಳವೂ ಕೇಳಿತು. ಮೂರು ವರ್ಷದಲ್ಲಿ ಮೊದಲ ಸಲ.

ಅಂಗಳದಲ್ಲಿ ಅಂಥ ಸಂಭ್ರಮವನ್ನು ನಾನು ನೋಡಿರಲಿಲ್ಲ. ಬಣಗಾರ, ಪತ್ತಾರ, ನೀಲಗಾರರ ಮಗಳು, ಎಲ್ಲರದೂ ಒಂದೇ ಮಾತು, ಇಂಥ ತೋಡಿ ರಾಗ ಈ ಗೋದಾಮು ಕೇಳಿಲ್ಲ. ಪದಗಳ ಕಲ್ಲಿನ ಮಾಸ್ತರರು ಸಹ, "ಇವತ್ತ ಪದಕ್ಕೂ ಜೀವ ಬಂದಿತ್ತಪಾ," ಎಂದರು. ಒಂದೊಂದೇ ತುಂಡು ಎತ್ತಿಡುತ್ತಾ ಹೋದಂತೆ ಗುರುಶಾಂತಪ್ಪನವರ ಕಣ್ಣು ಒದ್ದೆಯಾಯಿತು. "ಮುಂದಿನ ವರ್ಷ ಅಕ್ಕಾರದು ಒಂದಲ್ಲ, ಮೂರು ಮುಂಜಾನಿ ಕಚೇರಿ ಇಡೋಣ," ಎಂದು ಘೋಷಿಸಿ, ನಿಯಮದ ಪ್ರಕಾರ ನನ್ನ ಕಡೆ ತಿರುಗಿದರು. "ಉಸಿರು?"

ನನಗೆ ಹಾಸ್ಟೆಲಿನಲ್ಲಿ ಉಳಿದಿದ್ದು ಒಂದೇ ವರ್ಷ. ಆಮೇಲೆ ಆ ಕಲ್ಲು ಇನ್ನೊಬ್ಬ ಹುಡುಗನದು. ಹರಿದಿದೆ ಎಂದರೆ ಮೂರು ವರ್ಷ ಅವರು ಬರುವುದಿಲ್ಲ. ಆ ಉಸಿರನ್ನು ನಾನು ಮತ್ತೆಂದೂ ಕೇಳುವುದಿಲ್ಲ. ಸರಿ ಎಂದರೆ ಮುಂದಿನ ವರ್ಷ ಮೂರು ಮುಂಜಾನೆ. ಇಷ್ಟೇ ಲೆಕ್ಕ. ಅವರಿಗೆ ನೋವಾಗಬಾರದೆಂದು, ಊರಿನ ಸಂತೋಷ ಕೆಡಬಾರದೆಂದು ಸುಳ್ಳು ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಲ್ಲ. ನನಗೆ ಬೇಕಾಗಿತ್ತು.

"ಸರಿ ಇತ್ರೀ," ಎಂದೆ.

ಶೇವಂತಿಬಾಯಿಯವರು ಬೇವಿನ ಗಿಡದ ಕೆಳಗಿನಿಂದ ನನ್ನ ಹತ್ತಿರ ಬಂದರು. ಹಣೆಯ ಮೇಲೆ ಬೆವರಿತ್ತು. "ಎಲ್ಲೂ ಜಗ್ಗಲಿಲ್ಲ?"

"ಇಲ್ರೀ."

"ಖರೇನ?"

"ಖರೇರೀ ಅಕ್ಕಾರ. ಹೊಸಾ ಚರ್ಮದಂಗ ಇತ್ತು."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಪುಣ್ಯ ಬರಲೆಪಾ ನಿನಗ," ಎಂದರು. ಆ ಕೈ ಹಗುರವಾದದ್ದು ನನಗೆ ಗೊತ್ತಾಯಿತು. ಏನೋ ಭಾರ ಇಳಿಸಿದವರ ಕೈ ಅದು. ಯಾವ ಭಾರ ಎಂದು ನಾನು ಕೇಳಲಿಲ್ಲ.

ಹಾಸ್ಟೆಲಿಗೆ ನಡೆದುಕೊಂಡು ಬರುವಾಗ ಲಗಮಣ್ಣ, "ನಿನ್ನ ಬಟ್ಟು ಯಾಕ ಬಡೀತಿತ್ತಲೇ?" ಎಂದ.

"ಯಾವ ಬಟ್ಟು?"

"ತೊಡಿ ಮ್ಯಾಲ. ನನ್ನ ಕಲ್ಲಿಗೆ ಸುತ್ತಿಗಿ ಬಿಟ್ರ ಏನ್ ಬರತೈತಿ? ಖಾಲಿ ಕುಂತಿರ್ತೇನಿ, ನಿನ್ನ ನೋಡ್ಕೋತ. ಹೋದ ವರ್ಷ ಒಮ್ಮೆ ಬಡದಿ, ಅಂಗಳದಾಗ ಒಮ್ಮೆ ಜಗ್ಗತು ಅಂದಿ. ಈ ವರ್ಷ ಹತ್ತೊಂಬತ್ತು."

"ಸೊಳ್ಳಿ ಇದ್ವು."

"ಹೌದು. ತೋಡಿ ಕೇಳಾಕ ಬಂದಿದ್ವು," ಎಂದ ಲಗಮಣ್ಣ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಊಟದ ಸಾಲಿನಲ್ಲಿ ನನಗಾಗಿ ಜಾಗ ಹಿಡಿಯುವುದನ್ನು ನಿಲ್ಲಿಸಿದ.

ಐದು ತಿಂಗಳಾದ ಮೇಲೆ ಲೈಬ್ರರಿಯಲ್ಲಿ ದಿನಪತ್ರಿಕೆಯ ನಾಲ್ಕನೇ ಪುಟದಲ್ಲಿ ಆರು ಸಾಲಿನ ಸುದ್ದಿ ನೋಡಿದೆ. ಗಾಯಕಿ ಶೇವಂತಿಬಾಯಿ ನಾವಲಗಿಯವರು ಒಂಬತ್ತು ಊರುಗಳ ಕಚೇರಿ ಸರಣಿಯ ಏಳನೆಯ ಊರಿನಲ್ಲಿ ಹಾಡುತ್ತಿದ್ದಾಗ ಬಾಯಿಂದ ರಕ್ತ ಬಂದು ವೇದಿಕೆಯಲ್ಲೇ ಕುಸಿದರು. ಪ್ರಾಣಾಪಾಯವಿಲ್ಲ. ಇನ್ನು ಮುಂದೆ ಹಾಡುವಂತಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ. ಅದರ ಕೆಳಗೆ ಈರುಳ್ಳಿ ದರದ ಸುದ್ದಿ ಇತ್ತು. ಅದನ್ನೂ ಓದಿದೆ. ಮತ್ತೆ ಮೇಲಿನದನ್ನು ಓದಿದೆ. ಲೈಬ್ರರಿಯವನು ಬಾಗಿಲು ಹಾಕಬೇಕೆಂದು ಬೀಗದ ಕೈ ಅಲ್ಲಾಡಿಸುತ್ತಿದ್ದ.

ನಾಲ್ಕನೇ ವರ್ಷ ಅವರ ಮೂರು ಮುಂಜಾನೆಗೆಂದು ಇಟ್ಟಿದ್ದ ದಿನಗಳಲ್ಲಿ ಮೊದಲನೆಯದಕ್ಕೆ ಯಾರೋ ತರುಣ ಗವಾಯಿಯನ್ನು ಕರೆಸಿದರು. ನಾನು ಹೋಗಿ ಕೂತೆ. ಅವನ ಉಸಿರಿನಲ್ಲಿ ಯಾವ ದೋಷವೂ ಇರಲಿಲ್ಲ. ಅಂಗಳದಲ್ಲಿ ಗುರುಶಾಂತಪ್ಪನವರು ನನ್ನ ಕಡೆ ತಿರುಗಿ "ಉಸಿರು?" ಎಂದಾಗ ನಾನು ಕಳೆದ ವರ್ಷದ ಮಾತು ಹೇಳಿದೆ. ಹತ್ತೊಂಬತ್ತು ಸಲ ಸೀಟಿ ಬಂದಿತ್ತು, ನಾನು ಸುಳ್ಳು ಹೇಳಿದೆ ಎಂದೆ. ಬೈಗುಳ, ಏಟು, ಏನು ಬಂದರೂ ತೆಗೆದುಕೊಳ್ಳಲು ತಯಾರಾಗಿ ಹೋಗಿದ್ದೆ. ಯಾರೂ ಹೊಡೆಯಲಿಲ್ಲ.

ಗುರುಶಾಂತಪ್ಪನವರು ಗಿಡದ ಕಟ್ಟೆಯ ಮೇಲೆ ಕೂತರು. "ನಾ ಇಪ್ಪತ್ತಾರು ವರ್ಷ ಆತು ಒಳಗ ಕಾಲಿಟ್ಟಿಲ್ಲ," ಎಂದರು. "ನೀವು ಹೇಳಿದ್ದ ನನಗ ಹಾಡು. ಹೋದ ವರ್ಷದ ತೋಡಿ ದಿನಾ ಅಂಗಡ್ಯಾಗ ಕುಂತು ಒಳಗೊಳಗ ಕೇಳತಿದ್ದೆ. ಈಗ ಅದನ್ನ ಏನ್ ಮಾಡ್ಲಿ?"

"ಶಿಕ್ಷಾ ಏನರ ಇದ್ರ ಕೊಡ್ರಿ," ಎಂದೆ.

"ಸುಳ್ಳು ಹೇಳ್ದವ್ರಿಗೆ ಏನು ಮಾಡಬೇಕಂತ ಎಲ್ಲೂ ಬರದಿಟ್ಟಿಲ್ಲಪಾ. ಬರಿಯೂ ಪರಸಂಗ ಬಂದಿರಲಿಲ್ಲ."

ಅಷ್ಟರಲ್ಲಿ ಬಣಗಾರರ ಮುದುಕ ಪತ್ತಾರರ ಮುದುಕನ ಕಡೆ ತಿರುಗಿ, "ಹಂಗಾದ್ರ ನಿಮ್ಮಪ್ಪ ಆ ಮಳಿಗಾಲದ ಕಚೇರ್ಯಾಗ ಕೆಳಗಿನ ಪಂಚಮ ಕೇಳೇನಿ ಅಂದಿದ್ದನಲ್ಲ, ಅದು ಖರೇ ಏನು?" ಎಂದ. ಪತ್ತಾರರವನು, "ನಿಮ್ಮ ಡಗ್ಗಾ ಎಷ್ಟು ಖರೇನೋ ಅಷ್ಟ ಖರೇ," ಎಂದ. ನೀಲಗಾರರ ಮಗಳನ್ನು ಅವಳ ನಾದಿನಿಯೇ ಅನುಮಾನದಿಂದ ನೋಡಿದಳು. ಆ ದಿನ ಕಚೇರಿಯನ್ನು ಕೂಡಿಸದೆಯೇ ಜನ ಮನೆಗೆ ಹೋದರು. ಮುಂದಿನ ವಾರ ಕೆಲವರು ಸಾಕ್ಷಿಗೆಂದು ಒಂದೇ ಕಲ್ಲಿನ ಮೇಲೆ ಇಬ್ಬಿಬ್ಬರು ಕೂತರು. ಇಬ್ಬರು ಕೂತರೆ ಕಲ್ಲಿಗೆ ಏನೂ ಬರುವುದಿಲ್ಲ. ಅದು ಗೊತ್ತಿದ್ದೂ ಕೂತರು. ಅಂಗಳಕ್ಕೆ ಬಂದು ಏನೂ ಕೇಳಲಿಲ್ಲ ಎಂದು ಇಬ್ಬರೂ ಒಂದೇ ಮಾತು ಹೇಳಿದರು, ಅದಾದರೂ ತಾಳೆಯಾಯಿತೆಂದು ಸಮಾಧಾನಪಟ್ಟುಕೊಂಡರು. ಈಗ ಬಹಳ ಜನ ತಮ್ಮ ತುಂಡನ್ನು ತಾವು ಕೇಳಿಕೊಂಡು ನೇರ ಮನೆಗೆ ಹೋಗುತ್ತಾರೆ. ಸುಸಲಾ ಮಾಡಿಸುವುದನ್ನು ಸಮಿತಿ ಅರ್ಧಕ್ಕೆ ಇಳಿಸಿದೆ.

ಮೂರನೇ ವಾರ ನಾನು ಗೋದಾಮಿಗೆ ಹೋಗಲಿಲ್ಲ. ಬೆಳಗಿನ ಬಸ್ಸು ಹಿಡಿದು ಶೇವಂತಿಬಾಯಿಯವರ ಊರಿಗೆ ಹೋದೆ. ಮನೆ ಎರಡು ಖೋಲಿಯದು, ಹಿಟ್ಟಿನ ಗಿರಣಿಯ ಪಕ್ಕ. ಕಸ್ತೂರಿ ಬಾಗಿಲು ತೆರೆದಳು. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಗೋದಾಮಿನ ಊರಿನಿಂದ ಬಂದೆ ಎಂದೆ. ಅವಳು ದನಿ ತಗ್ಗಿಸಿದಳು.

"ಹ್ವಾದ ವರ್ಷ ನಿಮ್ಮೂರಿಗೆ ಬರೂಕಿಂತ ಮದಲ ಡಾಕ್ಟರು ಆರು ತಿಂಗಳು ಹಾಡಬ್ಯಾಡ್ರಿ ಅಂದಿದ್ರು. ಅಕ್ಕಾರು ಒಪ್ಪಲಿಲ್ಲ. ಗೋದಾಮಿಗೆ ಹೋಗಿ ಬರ್ತೇನಿ, ಅಲ್ಲೆ ಹರದೈತಿ ಅಂದ್ರ ಬಿಡತೇನಿ ಅಂದ್ರು. ಅಲ್ಲೆ ಸರಿ ಐತಿ ಅಂದ್ರಂತ. ಬಂದವ್ರ ಒಂಬತ್ತೂ ಊರಿಗೆ ಹೂಂ ಅಂದ್ರು." ಅವಳು ನನ್ನ ಕೈಗೆ ನೀರಿನ ಚಂಬು ಕೊಟ್ಟಳು. "ನಿಮ್ಮೂರಿನವ್ರ ಮ್ಯಾಲ ಬಾಳ ನಂಬಿಗಿ ಅವ್ರಿಗೆ."

ಶೇವಂತಿಬಾಯಿಯವರು ಒಳಗಿನ ಖೋಲಿಯಲ್ಲಿ ಗೋಡೆಗೆ ಒರಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕನ್ನಡಕದೊಳಗಿನಿಂದ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ತಿದಿ ಹುಡುಗ," ಎಂದರು. ಬರೀ ಮಾತಿನ ದನಿಯೂ ಒಡೆದಿತ್ತು. ಸಾಣೆಗೆ ಹಿಡಿದ ಕಬ್ಬಿಣದ ಹಾಗೆ ಕೆರೆಯುತ್ತಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಹತ್ತೊಂಬತ್ತು, ಸೀಟಿ, ಕೊನೆಯ ಐದು, ನನಗೆ ಉಳಿದಿದ್ದ ಒಂದೇ ವರ್ಷ. ಬಾಗಿಲಲ್ಲಿ ಕಸ್ತೂರಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು.

ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ಮುಗಿಯಿತು. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. "ಆರು ಊರಾಗ ಎಲ್ಲಾರೂ ಚಪ್ಪಾಳಿ ಹೊಡದ್ರು," ಎಂದರು. "ನೀನೂ ಹೊಡದಿ. ಅಷ್ಟ." ಆಮೇಲೆ ಕಸ್ತೂರಿಗೆ, "ತಂಬೂರಿ ತಾ," ಎಂದರು.

"ಅಕ್ಕಾರ, ಡಾಕ್ಟರು..."

"ತಾ ಅಂದೆ."

ಕಸ್ತೂರಿ ತಂಬೂರಿ ತಂದು ಮೀಟಲು ಕೂತಳು. ತಂಬೂರಿಯ ದನಿಯನ್ನು ನಾನು ಅವತ್ತೇ ಮೊದಲು ಕೇಳಿದ್ದು. ಪಕ್ಕದ ಗಿರಣಿ ಗುಯ್ಯೆನ್ನುತ್ತಿತ್ತು, ಬೀದಿಯಲ್ಲಿ ಯಾರೋ ಪಾತ್ರೆಗೆ ಕಲಾಯಿ ಎಂದು ಕೂಗುತ್ತಿದ್ದ, ಎಲ್ಲವೂ ಒಟ್ಟಿಗೆ ಬಂತು. ಅವರು ಕನ್ನಡಕ ತೆಗೆದು ನೆಲದ ಮೇಲಿಟ್ಟು ಬಾಯಿ ತೆರೆದರು. ತೋಡಿ ಇರಬೇಕು. ನಾಲ್ಕು ವರ್ಷ ಊಟ ಮಾಡುವಾಗ, ಪಾಠ ಕೇಳುವಾಗ, ಮಲಗಿದಾಗ ನಾನು ಊಹಿಸಿಕೊಂಡಿದ್ದ ದನಿ, ಒಡೆದದ್ದೇ ಆಗಲಿ, ಎರಡು ಮಾರು ದೂರದಲ್ಲಿ ನನ್ನೆದುರು ಹಾಡುತ್ತಿತ್ತು. ಕಸ್ತೂರಿಯ ಕಣ್ಣಿಂದ ನೀರು ಸುರಿಯುತ್ತಿತ್ತು. ಗಿರಣಿಯವನು ಕೂಡ ಯಂತ್ರ ನಿಲ್ಲಿಸಿ ಕಿಟಕಿಗೆ ಬಂದು ನಿಂತ. ಏನು ಕೇಳಿ ನಿಂತನೋ ಅದು ನನಗೆ ಕೇಳಿಸಲಿಲ್ಲ. ದನಿ ಕಿವಿಗೆ ಬರುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಸ್ವರ ಎಲ್ಲಿ ಹೋಯಿತು, ಎಲ್ಲಿ ನಿಂತಿತು, ಒಂದೂ ಹಿಡಿಯಲಾಗಲಿಲ್ಲ. ಅದರ ಹಿಂದಿನಿಂದ ಗಾಳಿ ಹೋಗುವುದು, ಸೀಳುವುದು, ಮತ್ತೆ ಹೋಗುವುದು, ಅದೊಂದೇ ಚೊಕ್ಕವಾಗಿ ಕೇಳುತ್ತಿತ್ತು. ಹಾಡನ್ನು ಕೇಳು, ಹಾಡನ್ನು ಕೇಳು ಎಂದು ನನ್ನನ್ನು ನಾನು ಬೈದುಕೊಂಡೆ. ಹಾಗೆ ಬೈದುಕೊಳ್ಳುತ್ತಿರುವಾಗಲೇ ಮುಗಿಯಿತು. ನಾಲ್ಕೈದು ನಿಮಿಷವೂ ಆಗಿರಲಿಕ್ಕಿಲ್ಲ.

ಅವರು ಸೆರಗಿನಿಂದ ಬಾಯಿ ಒರೆಸಿ, ಸೆರಗನ್ನು ಒಮ್ಮೆ ನೋಡಿ, ಮಡಿಲಿಗೆ ಹಾಕಿಕೊಂಡರು. ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಹೇಳಪಾ. ಎಷ್ಟು ಕಡೆ ಹರೀತು?"

ಹನ್ನೊಂದು ಕಡೆ ಹರಿದಿತ್ತು. ನನ್ನ ಬೆರಳು ಹನ್ನೊಂದು ಸಲ ಬಡಿದಿತ್ತು. ಅವರ ಮುಖ ನೋಡಿದೆ.

"ಎಂಟು," ಎಂದೆ.

ಕಸ್ತೂರಿ ತಂತಿಯ ಮೇಲೆ ಅಂಗೈ ಇಟ್ಟು ಸಪ್ಪಳ ನಿಲ್ಲಿಸಿದಳು.

"ಹನ್ನೊಂದು," ಎಂದರು ಶೇವಂತಿಬಾಯಿಯವರು. "ಈಗ ನನಗೂ ಕೇಳತೈತಿ." ಅವರೆಕಾಳಿನ ತಟ್ಟೆಯನ್ನು ಕಸ್ತೂರಿಯ ಕಡೆ ಸರಿಸಿದರು. "ಹೋಗು. ಬಸ್ಸು ತಪ್ಪತೈತಿ."